ಚೇಳಿನ ವಿಷಕ್ಕೆ ಬಿಪಿ ಮಾತ್ರೆ: ಒಂದು ಔಷಧ ನಮ್ಮ ವಾರ್ಡಿಗೆ ಬಂದ ದಾರಿ

ವಿಜಯಪುರ, ಇಂಡಿ, ಸಿಂದಗಿ ಕಡೆ ಬೇಸಿಗೆ ಬಂತೆಂದರೆ ಚೇಳು ಕಡಿದವರು ದವಾಖಾನೆಗೆ ಬರತೊಡಗುತ್ತಾರೆ. ಕಣಿಕೆ ಬಣವೆಗೆ ಕೈ ಹಾಕಿದ ಹೆಂಗಸು, ಕುಳ್ಳು ತರಲು ಹೋದ ಹುಡುಗಿ, ಸೆಕೆಗೆಂದು ಅಂಗಳದಲ್ಲಿ ಮಲಗಿದ್ದ ಮಗು. ಜೊತೆಗೆ ಬಂದವರು ಕೇಳುವುದು ಒಂದೇ: "ಅಕ್ಕಾರ, ಲಗೂನ ಸೂಜಿ ಮಾಡ್ರಿ." ಆದರೆ ಕೆಂಪು ಚೇಳಿನ ವಿಷ ಮೈಗೇರಿದಾಗ ತಡಮಾಡದೆ ಕೊಡಬೇಕಾದದ್ದು ಒಂದು ಸಣ್ಣ ಮಾತ್ರೆ. ಅದೂ ಬಿಪಿ ಇಳಿಸುವ ಮಾತ್ರೆ. ಹೆಸರು ಪ್ರಾಜೋಸಿನ್.

ಆರು ವರ್ಷದ ಮಗುವಿಗೆ ಬಿಪಿ ಮಾತ್ರೆ ಯಾಕೆ? ನರ್ಸಿಂಗ್ ಓದುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಸಿಲಬಸ್ಸಿನಲ್ಲಿ ಅಡ್ರಿನರ್ಜಿಕ್, ಅಂದರೆ ಅಡ್ರಿನಲಿನ್‌ಗೆ ಸಂಬಂಧಪಟ್ಟ ಔಷಧಗಳ ಪಾಠ ಇದೆ. ಆಲ್ಫಾ ಒಂದು, ಆಲ್ಫಾ ಎರಡು, ಬೀಟಾ ಒಂದು, ಬೀಟಾ ಎರಡು ಅಂತ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಈ ಪಾಠವನ್ನು ಚೇಳಿನಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಕತೆ ಶುರುವಾಗುವುದು ದೂರದ ಇಂಗ್ಲೆಂಡಿನಲ್ಲಿ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ರಸವನ್ನು ಪ್ರಾಣಿಗಳ ರಕ್ತನಾಳಕ್ಕೆ ಕೊಟ್ಟರೆ ಬಿಪಿ ಸರ್ರನೆ ಏರುತ್ತದೆ ಎಂದು ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ 1895ರ ಹೊತ್ತಿಗೆ ತೋರಿಸಿಕೊಟ್ಟರು. 1901ರಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಜೋಕಿಚಿ ಟಾಕಮಿನೆ ಆ ರಸದಿಂದ ಹರಳು ರೂಪದ ಅಡ್ರಿನಲಿನ್ ತೆಗೆದ ಸುದ್ದಿ ಹೊರಬಿತ್ತು. 1906ರಲ್ಲಿ ಹೆನ್ರಿ ಡೇಲ್ ಒಂದು ವಿಚಿತ್ರ ಕಂಡರು. ಎರ್ಗಟ್ ಎಂಬ ಶಿಲೀಂಧ್ರದ ಔಷಧ ಮೊದಲು ಕೊಟ್ಟು, ಆಮೇಲೆ ಅಡ್ರಿನಲಿನ್ ಕೊಟ್ಟರೆ ಬಿಪಿ ಏರುವ ಬದಲು ಇಳಿಯುತ್ತಿತ್ತು. ಅದೇ ಔಷಧ, ಅದೇ ಪ್ರಾಣಿ, ಪರಿಣಾಮ ಮಾತ್ರ ತಿರುವುಮುರುವು.

ಇದಕ್ಕೆ ಸರಿಯಾದ ವಿವರಣೆ ಸಿಗಲು 1948 ಬರಬೇಕಾಯಿತು. ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್ ಹೇಳಿದ್ದು ಇಷ್ಟು: ಅಡ್ರಿನಲಿನ್ ಒಂದೇ, ಆದರೆ ಅದು ಹೋಗಿ ಕೂರುವ ರಿಸೆಪ್ಟರ್, ಅಂದರೆ ಜೀವಕೋಶದ ಮೇಲಿನ ಬಾಗಿಲು, ಎರಡು ಬಗೆ. ಆಲ್ಫಾ ಮೇಲೆ ಕೂತರೆ ರಕ್ತನಾಳ ಬಿಗಿಯುತ್ತದೆ. ಬೀಟಾ ಮೇಲೆ ಕೂತರೆ ಹೃದಯದ ಬಡಿತ ಜಾಸ್ತಿಯಾಗುತ್ತದೆ, ಶ್ವಾಸನಾಳ ಸಡಿಲವಾಗುತ್ತದೆ, ಕೆಲವು ರಕ್ತನಾಳಗಳೂ ಸಡಿಲವಾಗುತ್ತವೆ. ಎರ್ಗಟ್ ಆಲ್ಫಾ ಬಾಗಿಲು ಮುಚ್ಚಿದ್ದರಿಂದ ಡೇಲ್ ಅವರಿಗೆ ಬೀಟಾ ಕೆಲಸ ಮಾತ್ರ ಕಂಡಿತ್ತು. ಈ ವಿಚಾರವನ್ನು ಹಲವರು ಬಹಳ ದಿನ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡವರಲ್ಲಿ ಜೇಮ್ಸ್ ಬ್ಲ್ಯಾಕ್ ಒಬ್ಬರು. ಅವರು ಬೀಟಾ ಮುಚ್ಚುವ ಪ್ರೊಪ್ರನೊಲಾಲ್ ಕೊಟ್ಟರು, 1988ರಲ್ಲಿ ನೊಬೆಲ್ ಪಡೆದರು. 1970ರ ದಶಕದಲ್ಲಿ, ಆಲ್ಫಾದಲ್ಲೇ 'ಆಲ್ಫಾ ಒಂದು' ಎಂಬ ಒಳಬಗೆಯನ್ನು ಮಾತ್ರ ಮುಚ್ಚುವ ಪ್ರಾಜೋಸಿನ್ ಬಿಪಿ ಔಷಧವಾಗಿ ಬಂತು. ಚೇಳಿನ ಯೋಚನೆ ಆಗ ಅದನ್ನು ತಯಾರಿಸಿದ ಯಾರಿಗೂ ಇರಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ದಖ್ಖನಿನ ಒಣ ನೆಲದಲ್ಲಿ, ಕಲ್ಲುಗೋಡೆಯ ಸಂದಿಯಲ್ಲಿ ಇರುವ ಚೇಳುಗಳಲ್ಲಿ ದೊಡ್ಡ ಕರಿ ಚೇಳು ನೋಡಲು ಭಯಂಕರ, ಆದರೆ ಅದರಿಂದ ಜೀವಕ್ಕೆ ಅಪಾಯ ಕಡಿಮೆ. ಜೀವ ತೆಗೆಯುವುದು ಚಿಕ್ಕ ಕೆಂಪು ಚೇಳು. ಅದರ ವಿಷ ನರಗಳ ಸೋಡಿಯಂ ಬಾಗಿಲುಗಳನ್ನು ಮುಚ್ಚದಂತೆ ಹಿಡಿದಿಡುತ್ತದೆ. ನರಗಳು ನಿಲ್ಲದೆ ಸಂದೇಶ ಕಳಿಸುತ್ತಲೇ ಇರುತ್ತವೆ. ಮೊದಲು ವಾಂತಿ, ಜೊಲ್ಲು, ಬಟ್ಟೆ ತೊಯ್ಯುವಷ್ಟು ಬೆವರು. ಗಂಡುಮಕ್ಕಳಲ್ಲಿ ಶಿಶ್ನ ನಿಮಿರಿ ಹಾಗೇ ಉಳಿಯುವುದೂ ಒಂದು ಗುರುತು. ನಾಚಿಕೆಯಿಂದ ಮನೆಯವರು ಹೇಳುವುದಿಲ್ಲ, ನರ್ಸ್ ನೋಡಬೇಕು. ಇದರ ಬೆನ್ನಿಗೇ ದೇಹದ ಸ್ವಂತ ಅಡ್ರಿನಲಿನ್, ನಾರಡ್ರಿನಲಿನ್ ಪ್ರವಾಹದಂತೆ ಹೊರಬರುತ್ತವೆ. ಆಲ್ಫಾ ರಿಸೆಪ್ಟರುಗಳೆಲ್ಲ ಒಟ್ಟಿಗೆ ಎಚ್ಚೆತ್ತು ರಕ್ತನಾಳಗಳು ಬಿಗಿಯುತ್ತವೆ. ಕೈಕಾಲು ತಣ್ಣಗಾಗುತ್ತವೆ, ಬಿಪಿ ಏರುತ್ತದೆ, ಹೃದಯ ದಣಿಯುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಬಾಯಲ್ಲಿ ಗುಲಾಬಿ ಬಣ್ಣದ ನೊರೆ ಬಂದರೆ ಸ್ಥಿತಿ ಕೈಮೀರುತ್ತಿದೆ ಎಂದರ್ಥ. ಅಂದರೆ ಕೊಲ್ಲುವುದು ಬಹುಪಾಲು ನಮ್ಮದೇ ಅಡ್ರಿನಲಿನ್.

ಇದನ್ನು ಕಂಡುಕೊಳ್ಳಲು ಕೊಂಕಣದ ವೈದ್ಯರು ಬೇಕಾದರು. 1961ರಲ್ಲಿ ಮುಂಡ್ಲೆ ಎಂಬ ವೈದ್ಯರು ಚೇಳು ಕಡಿದವರ ಶ್ವಾಸಕೋಶದಲ್ಲಿ ನೀರು ತುಂಬುವ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದರು. ಆಮೇಲೆ ಬಂದವರು ಡಾ. ಹಿಮ್ಮತರಾವ್ ಬಾವಸ್ಕರ್. ರಾಯಗಡ ಜಿಲ್ಲೆಯ ಮಹಾಡ್ ಹತ್ತಿರದ ಬಿರವಾಡಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ. ಚೇಳು ಕಡಿದ ಮಕ್ಕಳ ಪಕ್ಕ ರಾತ್ರಿಯಿಡೀ ಕೂತು, ಗಂಟೆ ಗಂಟೆಗೆ ಏನಾಗುತ್ತದೆ ಎಂದು ಬರೆದಿಟ್ಟರು. ಅವರು ಕಂಡದ್ದು 1982ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಮೊದಲು ಅವರು ರಕ್ತನಾಳ ಸಡಿಲಿಸುವ ಸೋಡಿಯಂ ನೈಟ್ರೊಪ್ರಸೈಡ್ ಬಳಸಿ ನೋಡಿದರು. ಕೆಲಸವೇನೋ ಮಾಡಿತು. ಆದರೆ ಅದನ್ನು ಹನಿಹನಿಯಾಗಿ ರಕ್ತನಾಳಕ್ಕೆ ಬಿಡಬೇಕು, ನಿಮಿಷ ನಿಮಿಷಕ್ಕೂ ಬಿಪಿ ನೋಡಬೇಕು. ಹಳ್ಳಿ ದವಾಖಾನೆಯಲ್ಲಿ ಅದು ಆಗುವ ಮಾತಲ್ಲ, ಅಲ್ವಾ? ಹಾಗಾಗಿ ಬಾಯಿಂದ ಕೊಡಬಹುದಾದ ಪ್ರಾಜೋಸಿನ್ ಹಿಡಿದರು. 1986ರಲ್ಲಿ ಅದೂ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ ವಿಷ ಮೈಗೇರಿದವರಲ್ಲಿ ನೂರಕ್ಕೆ 25ರಿಂದ 30 ಮಂದಿ ಸಾಯುತ್ತಿದ್ದರು. ಮಾತ್ರೆ ಬಂದ ಮೇಲೆ ಅವರ ರೋಗಿಗಳಲ್ಲಿ ಸಾವು ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು. 2011ರ ಇನ್ನೊಂದು ಅಧ್ಯಯನದಲ್ಲಿ, ಪ್ರಾಜೋಸಿನ್ ಜೊತೆ ಚೇಳಿನ ಪ್ರತಿವಿಷವನ್ನೂ ಕೊಟ್ಟರೆ ರೋಗಿ ಇನ್ನೂ ಬೇಗ ಚೇತರಿಸಿಕೊಳ್ಳುತ್ತಾನೆ ಎಂದು ತೋರಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇಷ್ಟು ಗೊತ್ತಾದ ಮೇಲೆ ಆ ಮಗುವಿಗೆ ಬಿಪಿ ಮಾತ್ರೆ ಯಾಕೆ ಅನ್ನುವುದು ಅರ್ಥವಾಗುತ್ತದೆ. ಬಿಪಿ ಯಂತ್ರದಲ್ಲಿ ಬಂದ ಸಂಖ್ಯೆಯೊಂದನ್ನೇ ನೋಡಿ ಅದನ್ನು ಕೊಡುವುದಿಲ್ಲ. ಬೆವರು, ವಾಂತಿ, ತಣ್ಣನೆಯ ಕೈಕಾಲು ನೋಡಿ ಕೊಡುತ್ತಾರೆ. ಈ ಗುರುತುಗಳನ್ನು ಮೊದಲು ಕಾಣುವವರು ಬಹಳ ಸಲ ನರ್ಸ್.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕಡಿದ ಜಾಗದಲ್ಲಿ ಜೋರು ನೋವು, ಜೋರು ಅಳು ಇದ್ದು ಬೇರೇನೂ ಇಲ್ಲದಿದ್ದರೆ ಸಾಮಾನ್ಯವಾಗಿ ಜೀವಭಯ ಕಡಿಮೆ. ಅಂಥವರಿಗೆ ನೋವಿನ ಚಿಕಿತ್ಸೆ ಮಾಡಿ, ಹಲವು ಗಂಟೆ ಕಣ್ಣಿಟ್ಟರೆ ಸಾಕು, ಪ್ರಾಜೋಸಿನ್ ಬೇಡ. ವಿಷ ಮೈಗೇರಿದವರಲ್ಲಿ ನೋವು ಎಷ್ಟೋ ಸಲ ಕಡಿಮೆ ಇರುತ್ತದೆ. ಬೆವರುತ್ತಾ, ತಣ್ಣಗೆ, ಸುಮ್ನೆ ಮಲಗಿರುವ ಮಗುವಿನ ಕಡೆ ಮೊದಲು ಓಡಬೇಕು. ಚೇತರಿಸಿಕೊಳ್ಳುವಾಗ ಕಡಿದ ಜಾಗದ ನೋವು ಮರಳಿ ಬರುವುದುಂಟು. ಮನೆಯವರು ಗಾಬರಿಯಾಗುತ್ತಾರೆ. ಅದು ಒಳ್ಳೆಯ ಸುದ್ದಿ ಎಂದು ಅವರಿಗೆ ಬಿಡಿಸಿ ಹೇಳಬೇಕು.

ಡೋಸಿನ ಲೆಕ್ಕದಲ್ಲಿ ಎಚ್ಚರ ಬೇಕು. ಕೆಜಿಗೆ 30 ಮೈಕ್ರೋಗ್ರಾಂ. 10 ಕೆಜಿ ಮಗುವಿಗೆ 300 ಮೈಕ್ರೋಗ್ರಾಂ. ಒಂದು ಮಿಲಿಗ್ರಾಂ ಮಾತ್ರೆಯಲ್ಲಿ ಇರುವುದು 1000. ಇಡೀ ಮಾತ್ರೆ ನುಂಗಿಸಿದರೆ ಮೂರು ಪಟ್ಟಿಗಿಂತ ಜಾಸ್ತಿಯಾಯಿತು. ವೈದ್ಯರು ಬರೆದ ಪ್ರಮಾಣವನ್ನು ಇನ್ನೊಬ್ಬರ ಜೊತೆ ಸರಿನೋಡಿಕೊಂಡೇ ಕೊಡಬೇಕು. ವಾಂತಿ ನಿಲ್ಲದಿದ್ದರೆ ಮೂಗಿನ ನಳಿಕೆಯಿಂದ ಕೊಡುತ್ತಾರೆ. ಕೈಕಾಲು ಬೆಚ್ಚಗಾಗುವ ತನಕ ಮೂರು ಗಂಟೆಗೊಮ್ಮೆ ಮತ್ತೆ ಕೊಡುವುದು ಬಾವಸ್ಕರ್ ಅವರ ಕ್ರಮ.

ಮೊದಲ ಡೋಸ್ ಆದ ಮೇಲೆ ಬಿಪಿ ಒಮ್ಮೆಲೇ ಕುಸಿಯಬಹುದು. ರೋಗಿ ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಬೀಳುತ್ತಾನೆ. ಅದಕ್ಕೇ ಮಲಗಿಸಿಯೇ ಇಡಬೇಕು. ತಾಯಂದಿರಿಗೆ ಇದು ಕಷ್ಟ. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳದೆ ಅವರಿಗೆ ಸಮಾಧಾನವಿಲ್ಲ. "ಎತ್ತಬ್ಯಾಡ್ರಿ ಯವ್ವಾ, ಹಂಗ ಮಲಗಲಿ, ಬಾಜೂಕ ಕುಂದರ್ರಿ" ಎಂದು ಪ್ರೀತಿಯಿಂದ ಹೇಳಿದರೆ ಕೇಳುತ್ತಾರೆ. ಮೊದಲ ಮೂರು ಗಂಟೆ ಅರ್ಧ ಗಂಟೆಗೊಮ್ಮೆ ಬಿಪಿ, ನಾಡಿ, ಉಸಿರು. ಮುಂದಿನ ಆರು ಗಂಟೆ ಗಂಟೆಗೊಮ್ಮೆ. ವಾಂತಿ, ಬೆವರಿನಿಂದ ಮೈಯ ನೀರು ಹೋಗಿರುತ್ತದೆ, ಅದನ್ನು ತುಂಬಬೇಕು. ಆದರೆ ಶ್ವಾಸಕೋಶಕ್ಕೆ ನೀರಿಳಿಯುವ ಭಯವೂ ಇರುವುದರಿಂದ ಯೋಚಿಸದೆ ಸಲೈನ್ ಸುರಿಯಬಾರದು.

ಹಳೆಯ ರೂಢಿಗಳೂ ಇವೆ. ಚೇಳು ಅಂದ ಕೂಡಲೇ ಸ್ಟೀರಾಯ್ಡ್, ಬೆವರಿಗೆ ಅಟ್ರೋಪಿನ್. ಸ್ಟೀರಾಯ್ಡಿನಿಂದ ಇಲ್ಲಿ ಲಾಭ ಕಂಡಿಲ್ಲ. ಅಟ್ರೋಪಿನ್ ಈಗಾಗಲೇ ಓಡುತ್ತಿರುವ ಹೃದಯವನ್ನು ಇನ್ನಷ್ಟು ಓಡಿಸುತ್ತದೆ. ಬಡಿತ ಜಾಸ್ತಿ ಇದೆ ಎಂದು ಬೀಟಾ ಬ್ಲಾಕರ್ ಕೊಟ್ಟರೆ ಆಲ್ಫಾಗೆ ತಡೆಯೇ ಇಲ್ಲದಂತಾಗುತ್ತದೆ. 1948ರಲ್ಲಿ ಆಲ್ಕ್ವಿಸ್ಟ್ ಬೇರ್ಪಡಿಸಿದ ಎರಡು ಹೆಸರು ಸಿಂದಗಿಯ ಹಾಸಿಗೆಯ ಪಕ್ಕ ಕೆಲಸಕ್ಕೆ ಬರುವುದು ಹೀಗೆ.

ಸಿಂದಗಿಯಿಂದ ವಿಜಯಪುರಕ್ಕೆ ಸುಮಾರು 60 ಕಿ.ಮೀ. ಗುರುತು ಕಂಡಿದ್ದರೆ, ಆಂಬುಲೆನ್ಸ್ ಹತ್ತಿಸುವ ಮೊದಲೇ ವೈದ್ಯರನ್ನು ಕೇಳಿ ಮೊದಲ ಡೋಸ್ ಕೊಟ್ಟು, ಎಷ್ಟು ಕೊಟ್ಟೆವು, ಎಷ್ಟು ಗಂಟೆಗೆ ಕೊಟ್ಟೆವು ಎಂದು ಚೀಟಿಯಲ್ಲಿ ಬರೆಯಬೇಕು. ಅದಕ್ಕೆ ಮಾತ್ರೆ ಕಪಾಟಿನಲ್ಲಿ ಇರಬೇಕಲ್ಲ. ಬಿಪಿಗೆ ಈಗ ಪ್ರಾಜೋಸಿನ್ ಮೊದಲ ಆಯ್ಕೆಯಲ್ಲ. ಅಂಗಡಿಯಲ್ಲಿ ನಿಧಾನವಾಗಿ ಕರಗುವ ಎಕ್ಸ್‌ಎಲ್ ಮಾತ್ರೆ ಕೊಡುವುದೂ ಉಂಟು. ಚೇಳಿಗೆ ಅದು ನಡೆಯುವುದಿಲ್ಲ, ಪುಡಿ ಮಾಡಿದರೂ ನಡೆಯುವುದಿಲ್ಲ. ಬೇಕಾದದ್ದು ಬೇಗ ಕರಗುವ ಸಾದಾ ಮಾತ್ರೆ. ಏಪ್ರಿಲ್ ಬರುವ ಮುಂಚೆ ನಿಮ್ಮ ಕೇಂದ್ರದ ಸ್ಟೋರ್ ತೆರೆದು ನೋಡಿ. ಡಬ್ಬಿಯ ಮೇಲೆ ಏನು ಬರೆದಿದೆ, ತಾರೀಕು ಮುಗಿದಿದೆಯಾ ನೋಡಿ. ಸಾದಾ ಮಾತ್ರೆ ಇಲ್ಲದಿದ್ದರೆ ಅಥವಾ ತಾರೀಕು ಮುಗಿದಿದ್ದರೆ ಇಂದೇ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ.