‘ರೈಟ್ ರೈಟ್’ ಅಂದ ಕೂಡಲೇ ಬಸ್ಸು ಹೊರಟಿತಾ?

ಕಂಡಕ್ಟರ್ ‘ರೈಟ್ ರೈಟ್’ ಅನ್ನುತ್ತಾರೆ. ಬಸ್ಸು ಹೊರಟಿತಾ? ಇನ್ನೂ ಇಲ್ಲ. ಡ್ರೈವರ್ ಗೇರ್ ಹಾಕಬೇಕು, ಮುಂದೆ ನಿಂತ ಆಟೊ ಸರಿಯಬೇಕು, ಆಮೇಲೆ ತಾನೇ ಚಕ್ರ ಉರುಳುವುದು. ವೆಬ್ ಪುಟದ ವಿಡಿಯೊದಲ್ಲೂ ಹೀಗೆಯೇ ಎರಡು ಘಟನೆಗಳಿವೆ. ‘ಪ್ಲೇ’ ಅಂದರೆ ಕಂಡಕ್ಟರ್ ರೈಟ್ ಅಂದದ್ದು. ‘ಪ್ಲೇಯಿಂಗ್’ ಅಂದರೆ ಚಕ್ರ ಉರುಳಿದ್ದು. ವೆಬ್ ಪುಟಕ್ಕೆ ಕೆಲಸ ಹೇಳುವ ಭಾಷೆಯಾದ ಜಾವಾಸ್ಕ್ರಿಪ್ಟ್ ಕಲಿಯುವವರು ಯಾರೇ ಸಿಕ್ಕರೂ ನಾನು ಮೊದಲು ಹೇಳುವುದು ಇದನ್ನೇ.

ಪ್ಲೇ ಬಟನ್ ಒತ್ತಿದ್ದು ನೋಡುವವರ ಆಸೆ, ಅಷ್ಟೇ. ಆ ಗಳಿಗೆಯಲ್ಲಿ ಒಂದು ಚಿತ್ರವೂ ಬಂದಿರಲಿಕ್ಕಿಲ್ಲ. ನೆಟ್‌ವರ್ಕ್ ನಿಧಾನವಿದ್ದರೆ ‘ಪ್ಲೇ’ ಆದ ಮೇಲೆ ‘ವೇಟಿಂಗ್’ ಬರುತ್ತದೆ, ಡೇಟಾ ಸಾಕಷ್ಟು ಸೇರಿದ ಮೇಲೆ ‘ಪ್ಲೇಯಿಂಗ್’. ಅರ್ಧದಲ್ಲಿ ಡೇಟಾ ಖಾಲಿಯಾದರೆ ಮತ್ತೆ ವೇಟಿಂಗ್, ಮತ್ತೆ ಪ್ಲೇಯಿಂಗ್. ಆದರೆ ‘ಪ್ಲೇ’ ಮಾತ್ರ ಮತ್ತೆ ಬರುವುದಿಲ್ಲ, ಯಾಕೆಂದರೆ ಯಾರೂ ಮತ್ತೆ ಬಟನ್ ಒತ್ತಿಲ್ಲ. ಮನೆಯ ನಲ್ಲಿ ನೆನೆಸಿಕೊಳ್ಳಿ. ತಿರುಗಿಸುವುದು ನಮ್ಮ ಕೈಯಲ್ಲಿದೆ, ನೀರು ಬರುವುದು ಟ್ಯಾಂಕಿನಲ್ಲಿ ಎಷ್ಟಿದೆ ಅನ್ನುವುದರ ಮೇಲೆ. ನಲ್ಲಿ ತೆರೆದೇ ಇರುತ್ತದೆ, ನೀರು ನಿಲ್ಲುತ್ತದೆ, ಮತ್ತೆ ಬರುತ್ತದೆ. ‘ಲೋಡ್ ಆಗುತ್ತಿದೆ’ ಅನ್ನುವ ಗುರುತನ್ನು ‘ಪ್ಲೇ’ ಬಂದ ಕೂಡಲೇ ತೆಗೆದುಬಿಡುವ ಪುಟಗಳಿವೆ. ಅಲ್ಲಿ ಜನ ಕಪ್ಪು ಪರದೆ ನೋಡುತ್ತ, ಫೋನ್ ಕೆಟ್ಟಿತಾ ಎಂದು ಗಾಬರಿಯಾಗುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಕಡೆ ಕೇಳುತ್ತೇನೆ: ಸ್ಕ್ರಿಪ್ಟ್, ಅಂದರೆ ಆ ಭಾಷೆಯಲ್ಲಿ ಬರೆದ ಸೂಚನೆಗಳು, ವಿಡಿಯೊದ ಮೇಲೆ ಸದಾ ಕಣ್ಣಿಟ್ಟಿರುತ್ತದೆ ಎಂದು. ಇಲ್ಲ. ಪಕ್ಕದ ಮನೆಯವರಿಗೆ ‘ಸಿಲಿಂಡರ್ ಬಂದರೆ ಒಂದು ಕೂಗು ಹಾಕಿ’ ಎಂದು ಹೇಳಿ ನಾವು ನಮ್ಮ ಕೆಲಸಕ್ಕೆ ಹೋಗುತ್ತೇವೆ, ಅಲ್ವಾ? ‘ಆಡ್‌ಇವೆಂಟ್‌ಲಿಸನರ್’ ಮಾಡುವುದು ಅದನ್ನೇ. ಇಂಥದ್ದು ನಡೆದರೆ ನನ್ನನ್ನು ಕರೆ ಎಂದು ಬ್ರೌಸರ್‌ಗೆ ಹೇಳಿಡುವುದು. ಕುಕ್ಕರ್ ಕೂಡ ಹಾಗೆಯೇ. ಅನ್ನ ಬೆಂತಾ ಎಂದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುವುದಿಲ್ಲ, ಸೀಟಿ ಬಂದಾಗ ಹೋಗುತ್ತೇವೆ. ಆದರೆ ಕೂಗು ಕೇಳಿದಾಗ ನಮ್ಮ ಕೈ ಬಿಡುವಾಗಿರಬೇಕು. ಪುಟದ ಸ್ಕ್ರಿಪ್ಟ್ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ಅದು ದೊಡ್ಡ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದರೆ ಬಂದ ಘಟನೆಗಳೆಲ್ಲ ಸಾಲಿನಲ್ಲಿ ಕಾಯುತ್ತವೆ.

ವಿಡಿಯೊದ ಘಟನೆಗಳನ್ನು ಹೀಗೆ ಕೇಳಿಸಿಕೊಳ್ಳುವ ಸೌಕರ್ಯ ಮೊದಲಿನಿಂದ ಇರಲಿಲ್ಲ. ಬ್ರೆಂಡನ್ ಐಕ್ ಎಂಬುವರು ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯಲ್ಲಿ 1995ರ ಮೇ ತಿಂಗಳಲ್ಲಿ, ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಕಟ್ಟಿದರು. ವಿಡಿಯೊ ಮಾತ್ರ ಬಹಳ ವರ್ಷ ಫ್ಲ್ಯಾಶ್‌ನಂಥ ಪ್ಲಗಿನ್‌ಗಳ (ಬ್ರೌಸರ್‌ಗೆ ಬೇರೆಯಾಗಿ ಸೇರಿಸುವ ತಂತ್ರಾಂಶಗಳ) ಒಳಗೇ ಉಳಿಯಿತು. ಪುಟದ ಪಾಲಿಗೆ ಅದು ಬೀಗ ಹಾಕಿದ ಕೋಣೆ. ಒಳಗೆ ನಡೆದದ್ದು ಹೊರಗೆ ಗೊತ್ತಾಗಬೇಕಾದರೆ ಕೋಣೆಯಲ್ಲಿದ್ದವರೇ ಕಿಟಕಿ ಕೊರೆದು ಹೇಳಬೇಕಿತ್ತು. 2007ರಲ್ಲಿ ಒಪೆರಾ ಕಂಪನಿ ವಿಡಿಯೊಗೆಂದೇ ಒಂದು ಟ್ಯಾಗ್ ಇರಲಿ ಎಂದು ಸೂಚಿಸಿತು. 2014ರ ಅಕ್ಟೋಬರ್‌ನಲ್ಲಿ ಆ ಟ್ಯಾಗ್ ಇರುವ ಎಚ್‌ಟಿಎಂಎಲ್5, ಅಂದರೆ ವೆಬ್ ಪುಟ ಬರೆಯುವ ಭಾಷೆಯ ಐದನೇ ಆವೃತ್ತಿ, ಅಧಿಕೃತ ಮಾನದಂಡವಾಯಿತು. 2020ರ ಕೊನೆಯ ದಿನ ಫ್ಲ್ಯಾಶ್‌ಗೆ ಬೆಂಬಲ ನಿಂತಿತು. ಪ್ಲೇ, ಪಾಸ್ (ವಿಡಿಯೊ ತಡೆದು ನಿಂತದ್ದು), ವೇಟಿಂಗ್ ಎಲ್ಲವನ್ನೂ ಈಗ ಯಾರು ಬೇಕಾದರೂ ನೇರವಾಗಿ ಕೇಳಿಸಿಕೊಳ್ಳಬಹುದು. ಇದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಒಮ್ಮೆ ಮಕ್ಕಳ ಪಾಠದ ಪುಟವೊಂದಕ್ಕೆ ಸ್ಕ್ರಿಪ್ಟ್ ಬರೆದೆ. ವಿಡಿಯೊ 90ನೇ ಸೆಕೆಂಡಿಗೆ ಬಂದಾಗ ಒಂದು ಪ್ರಶ್ನೆ ಮೂಡಬೇಕು. ‘ಸಮಯ 90ಕ್ಕೆ ಸಮವಾದರೆ ತೋರಿಸು’ ಎಂದು ಬರೆದಿದ್ದೆ. ಪ್ರಶ್ನೆ ಬರಲೇ ಇಲ್ಲ. ವಿಡಿಯೊ ಎಷ್ಟರವರೆಗೆ ಓಡಿದೆ ಎಂದು ತಿಳಿಸುವ ‘ಟೈಮ್‌ಅಪ್‌ಡೇಟ್’ ಘಟನೆ ಗಡಿಯಾರದ ಮುಳ್ಳಿನಂತೆ ಪ್ರತಿ ಸೆಕೆಂಡಿಗೆ ಸರಿಯಾಗಿ ಬಡಿಯುವುದಿಲ್ಲ. 15ರಿಂದ 250 ಮಿಲಿಸೆಕೆಂಡಿಗೊಮ್ಮೆ, ಬ್ರೌಸರ್‌ಗೆ ಅನುಕೂಲವಾದಾಗ ಬರುತ್ತದೆ. 89.87 ಬಂತು, ಆಮೇಲೆ 90.12 ಬಂತು. ಸರಿಯಾಗಿ 90 ಬರಲೇ ಇಲ್ಲ. ಓಡುವ ಬಸ್ಸಿನ ಕಿಟಕಿಯಿಂದ ಆಗಾಗ ಹೊರಗೆ ನೋಡಿದರೆ ಪ್ರತಿ ಮೈಲಿಗಲ್ಲೂ ಕಾಣಬೇಕೆಂದಿಲ್ಲ. ಕೇಳಬೇಕಾದ ಪ್ರಶ್ನೆ ‘90 ಆಯಿತಾ’ ಎಂದಲ್ಲ, ‘90 ದಾಟಿತಾ, ಮತ್ತು ಇದನ್ನು ಈಗಾಗಲೇ ತೋರಿಸಿದ್ದೇನಾ’ ಎಂದು.

ತಾನಾಗಿಯೇ ಶುರುವಾಗುವ ವಿಡಿಯೊದ್ದು ಇನ್ನೊಂದು ಕತೆ. 2018ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್ 66ರಿಂದ, ನೋಡುವವರು ಪುಟವನ್ನು ಮುಟ್ಟದೆ ಸದ್ದಿರುವ ವಿಡಿಯೊ ಸಾಮಾನ್ಯವಾಗಿ ಶುರುವಾಗುವುದಿಲ್ಲ. ರೈಟ್ ಅಂದರೂ ಡ್ರೈವರ್ ‘ಆಗಲ್ಲ’ ಅನ್ನುತ್ತಾರೆ. ಆ ಉತ್ತರವನ್ನು ಕೇಳಿಸಿಕೊಳ್ಳಬೇಕು. ಸ್ಕ್ರಿಪ್ಟ್ ಕರೆಯುವ ಪ್ಲೇ ಆದೇಶ ಒಂದು ಪ್ರಾಮಿಸ್ (‘ಆಯಿತೋ ಇಲ್ಲವೋ ಆಮೇಲೆ ಹೇಳುತ್ತೇನೆ’ ಎಂಬ ಮಾತು) ಹಿಂತಿರುಗಿಸುತ್ತದೆ, ಒಪ್ಪಿಗೆ ಸಿಗದಿದ್ದರೆ ಅದು ಮುರಿಯುತ್ತದೆ. ‘ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತೆ, ಬೇರೆಯವರಲ್ಲಿ ಓಡಲ್ಲ’ ಎಂಬ ದೂರಿಗೆ ಇದು ಕಾರಣವಿರಬಹುದು. ಡೆಸ್ಕ್‌ಟಾಪ್ ಕ್ರೋಮ್, ನೀವು ಯಾವ ತಾಣದಲ್ಲಿ ಜಾಸ್ತಿ ವಿಡಿಯೊ ನೋಡುತ್ತೀರಿ ಎಂದು ಲೆಕ್ಕ ಇಡುತ್ತದೆ, ಅಂಥ ತಾಣಕ್ಕೆ ಸಡಿಲ ಕೊಡುತ್ತದೆ. ತನ್ನ ಪುಟವನ್ನು ದಿನವಿಡೀ ತೆರೆದು ಪರೀಕ್ಷಿಸಿದವರಿಗೆ ಆ ಸಡಿಲ ಸಿಕ್ಕಿರಬಹುದು.

ಅದೇ ಪಾಠದ ಪುಟದಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ‘ಪಾಸ್’ ಬಂದವರನ್ನೆಲ್ಲ ‘ನಡುವೆ ಬಿಟ್ಟವರು’ ಎಂದು ಎಣಿಸುತ್ತಿದ್ದೆ. ಕೊನೆತನಕ ನೋಡಿದ ಮಕ್ಕಳೂ ಆ ಪಟ್ಟಿಗೆ ಸೇರಿದ್ದರು. ವಿಡಿಯೊ ಮುಗಿಯುವಾಗ ಬ್ರೌಸರ್ ಮೊದಲು ‘ಪಾಸ್’ ಕಳಿಸುತ್ತದೆ, ಅದರ ಬೆನ್ನಿಗೇ ‘ಎಂಡೆಡ್’ (ಮುಗಿಯಿತು). ಹಾಗಾಗಿ ಪಾಸ್ ಬಂದಾಗ ವಿಡಿಯೊದ ‘ಎಂಡೆಡ್’ ಗುಣ ನಿಜವಾಗಿದೆಯಾ ಎಂದು ನೋಡಬೇಕು. ಆ ಒಂದು ಸಾಲು ಸೇರಿಸಿದ ಮೇಲೆ ಆ ಮಕ್ಕಳ ಹೆಸರು ಸರಿಯಾದ ಪಟ್ಟಿಗೆ ಬಂತು.