ಅಲಿ ಇದ್ದ ಒಲಿಂಪಿಕ್ಸ್‌ನಲ್ಲಿ ಅತ್ಯುತ್ತಮ ಬಾಕ್ಸರ್ ಅನ್ನಿಸಿಕೊಂಡವರು ಯಾರು?

ಪ್ರಶ್ನೆ: 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೊಹಮ್ಮದ್ ಅಲಿ ಚಿನ್ನ ಗೆದ್ದರು. ಆದರೆ ಅಲ್ಲಿನ ಅತ್ಯುತ್ತಮ ಬಾಕ್ಸರ್ ಪ್ರಶಸ್ತಿ ಅವರಿಗೆ ಬರಲಿಲ್ಲವಂತೆ, ಹೌದಾ? ಹಾಗಾದರೆ ಯಾರಿಗೆ ಬಂತು? ಅವರು ಆಮೇಲೆ ಏನಾದರು?

ಹೌದು, ನಿಜ. ಆ ಪ್ರಶಸ್ತಿ ಹೋದದ್ದು ಇಟಲಿಯ ನಿನೊ ಬೆನ್ವೆನೂಟಿ ಅವರಿಗೆ. ಬಾಕ್ಸಿಂಗ್ ಬಗ್ಗೆ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಹೆಸರು ಹೇಳಿದರೆ ಜಾಸ್ತಿ ಜನಕ್ಕೆ ಗೊತ್ತಾಗುವುದಿಲ್ಲ. ನನಗೆ ಅದು ಬೇಸರದ ಸಂಗತಿ. ಯಾಕೆಂದರೆ ಪ್ರಶ್ನೆಯ ಕೊನೆಯ ಭಾಗ ಇದೆಯಲ್ಲ, ‘ಆಮೇಲೆ ಏನಾದರು’ ಅನ್ನುವುದು, ಅದರಲ್ಲೇ ನಿಜವಾದ ಕತೆ ಇದೆ.

ಮೊದಲು ಆ ಕಪ್ ವಿಷಯ. ಅದರ ಹೆಸರು ವಾಲ್ ಬಾರ್ಕರ್ ಟ್ರೋಫಿ. 1936ರಿಂದ ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಕೊಡುತ್ತಾ ಬಂದ ಪ್ರಶಸ್ತಿ ಅದು. ಯಾರು ಎಷ್ಟು ಜನರನ್ನು ಕೆಡವಿದರು ಅಂತ ನೋಡಿ ಕೊಡುವುದಲ್ಲ. ಯಾರ ಆಟದಲ್ಲಿ ಶೈಲಿ, ಕೌಶಲ ಇತ್ತು ಅನ್ನುವುದು ಮುಖ್ಯ. ಅಲಿ ಆಗಿನ್ನೂ ಕ್ಯಾಸಿಯಸ್ ಕ್ಲೇ. 18 ವರ್ಷದ ಹುಡುಗ. ಲೈಟ್ ಹೆವಿವೇಟ್ ವಿಭಾಗದ ಫೈನಲ್‌ನಲ್ಲಿ ಪೋಲೆಂಡಿನ ಪಿಯೆಟ್‌ಷಿಕೋವ್‌ಸ್ಕಿ ಅವರನ್ನು ಸೋಲಿಸಿ ಚಿನ್ನ ಪಡೆದರು. ಬೆನ್ವೆನೂಟಿ ಅವರಿಗೆ 22 ವರ್ಷ. ವೆಲ್ಟರ್‌ವೇಟ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ಯೂರಿ ರಾಡೊನ್ಯಾಕ್ ಅವರನ್ನು ಸೋಲಿಸಿದರು. ತೂಕದ ವಿಭಾಗ ಬೇರೆಯಾದ್ದರಿಂದ ಅಲಿ ಮತ್ತು ಅವರು ಎದುರುಬದುರು ಆಗಲೇ ಇಲ್ಲ.

ಊರಿನ ಹುಡುಗ ಅಂತ ಕೊಟ್ಟರಾ? ಈ ಅನುಮಾನ ಸಹಜ. ಆತಿಥೇಯ ದೇಶ, ತುಂಬಿದ ಸಭಾಂಗಣ, ಅದರ ಪ್ರಭಾವ ಸ್ವಲ್ಪವೂ ಇರಲಿಲ್ಲ ಅಂತ ನಾನು ಹೇಳಲಾರೆ. ಆದರೆ ಆ ದಿನಗಳ ಕಣ್ಣಿನಿಂದ ನೋಡಿ. ಕ್ಲೇ ಕೈಗಳನ್ನು ಕೆಳಗೆ ಬಿಟ್ಟುಕೊಂಡು, ತಲೆಯನ್ನು ಹಿಂದಕ್ಕೆಳೆದು ಏಟು ತಪ್ಪಿಸಿಕೊಳ್ಳುತ್ತಿದ್ದರು. ಹಳೆಯ ತರಬೇತುದಾರರ ಪಾಲಿಗೆ ಅದು ತಪ್ಪು ಪಾಠ. ಬೆನ್ವೆನೂಟಿ ನೆಟ್ಟಗೆ ನಿಂತು ಆಡುವವರು. ಎಡಗೈ ಜ್ಯಾಬ್‌ನಿಂದ, ಅಂದರೆ ನೇರವಾದ ಚುರುಕು ಏಟಿನಿಂದ, ದೂರ ಅಳೆಯುವುದು, ಅದರ ಹಿಂದೆಯೇ ಬದಿಯಿಂದ ಬೀಸುವ ಹುಕ್, ಹತ್ತಿರ ಬಂದರೆ ಕೆಳಗಿನಿಂದ ಮೇಲಕ್ಕೆ ಹೊಡೆಯುವ ಅಪ್ಪರ್‌ಕಟ್. ಪಾಠದಲ್ಲಿ ಹೇಳಿಕೊಟ್ಟ ಹಾಗೆ, ಆದರೆ ಪಾಠ ಒಪ್ಪಿಸಿದ ಹಾಗಲ್ಲ. ಅಮೆಚೂರ್ (ಹವ್ಯಾಸಿ) ಆಗಿ ಅವರು ನೂರಕ್ಕೂ ಹೆಚ್ಚು ಪಂದ್ಯ ಗೆದ್ದಿದ್ದರು, ಸೋತದ್ದು ಒಂದೇ ಒಂದು. 1957 ಮತ್ತು 1959ರಲ್ಲಿ ಯುರೋಪಿಯನ್ ಚಾಂಪಿಯನ್. ಅದೂ ಲೈಟ್ ಮಿಡಲ್‌ವೇಟ್‌ನಲ್ಲಿ. ರೋಮ್‌ಗೆ ತೂಕ ಇಳಿಸಿ ಕೆಳಗಿನ ವಿಭಾಗಕ್ಕೆ ಬಂದರು. ಮೇಲಿನ ವಿಭಾಗದಲ್ಲಿ ಆಡಿದ ಇಟಲಿಯದೇ ಕಾರ್ಮೆಲೊ ಬೊಸ್ಸಿ ಬೆಳ್ಳಿ ತಂದರು. ಒಟ್ಟು 10 ವಿಭಾಗಗಳಲ್ಲಿ ಇಟಲಿಗೆ ಏಳು ಪದಕ, ಅದರಲ್ಲಿ ಮೂರು ಚಿನ್ನ. ಅಂಥ ತಂಡದ ಮುಂಚೂಣಿಯಲ್ಲಿ ಇದ್ದವರು ಇವರು. ನನ್ನ ಮಟ್ಟಿಗೆ ಆ ಕಪ್ ತಪ್ಪು ಕೈಗೆ ಹೋಗಲಿಲ್ಲ.

ಇನ್ನು ಅವರು ಬಂದದ್ದೆಲ್ಲಿಂದ ಅನ್ನುವುದು. 1938ರ ಏಪ್ರಿಲ್ 26ರಂದು ಇಸೋಲಾ ಎಂಬ ಸಮುದ್ರ ತೀರದ ಪುಟ್ಟ ಊರಲ್ಲಿ ಹುಟ್ಟಿದರು. ಇಸ್ಟ್ರಿಯಾ ಎನ್ನುವ ಪ್ರದೇಶ ಅದು. ಆಗ ಇಟಲಿಯಲ್ಲಿತ್ತು. ಎರಡನೇ ಮಹಾಯುದ್ಧದ ನಂತರ ಯುಗೊಸ್ಲಾವಿಯಾ ಕೈಗೆ ಹೋಯಿತು. ಈಗ ಆ ಊರು ಸ್ಲೊವೇನಿಯಾದಲ್ಲಿದೆ, ಹೆಸರು ಇಜೋಲಾ. ಊರು ಇದ್ದಲ್ಲೇ ಇದೆ, ದೇಶ ಮಾತ್ರ ಬದಲಾಗುತ್ತಾ ಹೋಯಿತು. ಆ ವರ್ಷಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಇಟಾಲಿಯನ್ನರು ಆ ಕಡೆಯ ಮನೆಮಠ ಬಿಟ್ಟು ಬಂದರು. ನಿನೊ ಅವರ ಅಣ್ಣತಮ್ಮಂದಿರಲ್ಲಿ ಒಬ್ಬರನ್ನು ಯುಗೊಸ್ಲಾವ್ ಪೊಲೀಸರು ಹಿಡಿದು ತಿಂಗಳುಗಟ್ಟಲೆ ಜೈಲಲ್ಲಿಟ್ಟಿದ್ದರು. ಬಾಕ್ಸಿಂಗ್ ಕಲಿಯಲು ಹುಡುಗ ಸೈಕಲ್ ತುಳಿದುಕೊಂಡು ಟ್ರಿಯೆಸ್ಟೆ ನಗರಕ್ಕೆ ಹೋಗುತ್ತಿದ್ದ. ಕೊನೆಗೆ ಇಡೀ ಕುಟುಂಬವೇ ಟ್ರಿಯೆಸ್ಟೆಗೆ ಬಂದು ನೆಲೆಸಿತು. ಇಟಾಲಿಯನ್ ಭಾಷೆಯಲ್ಲಿ ‘ಬೆನ್ವೆನೂಟಿ’ ಅಂದರೆ ‘ಬನ್ನಿ, ಸ್ವಾಗತ’ ಅಂತ. ಊರು ಬಿಟ್ಟು ಬಂದವರ ಮನೆತನಕ್ಕೆ ಆ ಹೆಸರು.

1961ರಲ್ಲಿ ವೃತ್ತಿಪರ ಬಾಕ್ಸರ್ ಆದರು. ಅಲ್ಲಿಂದ ನಾಲ್ಕು ವರ್ಷ ಗೆದ್ದದ್ದೇ ಗೆದ್ದದ್ದು. 1965ರ ಜೂನ್‌ನಲ್ಲಿ ಮಿಲಾನಿನ ಸಾನ್ ಸಿರೊ ಸ್ಟೇಡಿಯಂನಲ್ಲಿ ಸಾಂಡ್ರೊ ಮಜ್ಜಿಂಗಿ ಜೊತೆ ಲೈಟ್ ಮಿಡಲ್‌ವೇಟ್ ವಿಶ್ವ ಪಟ್ಟಕ್ಕೆ ಪಂದ್ಯ. ಇಬ್ಬರೂ ಇಟಲಿಯವರೇ. ಇಟಲಿಯಲ್ಲಿ ಆಗ ನೀವು ಯಾರ ಪಾರ್ಟಿ ಅಂತ ಕೇಳುವ ಪರಿಸ್ಥಿತಿ. ಮಜ್ಜಿಂಗಿ ಟಸ್ಕನಿಯ ಗಟ್ಟಿಗ, ಏಟು ತಿಂದರೂ ಮುನ್ನುಗ್ಗುವವರು. ಬೆನ್ವೆನೂಟಿ ಆರನೇ ರೌಂಡ್‌ನಲ್ಲಿ ಒಂದು ಅಪ್ಪರ್‌ಕಟ್‌ನಿಂದ ಅವರನ್ನು ಮಲಗಿಸಿಬಿಟ್ಟರು. ಡಿಸೆಂಬರ್‌ನಲ್ಲಿ ರೋಮ್‌ನಲ್ಲಿ ಮತ್ತೆ ಆಡಿ ಪಾಯಿಂಟ್ಸ್ ಮೇಲೆ ಗೆದ್ದರು. ಆ ಎರಡನೇ ತೀರ್ಪನ್ನು ಮಜ್ಜಿಂಗಿ ಎಷ್ಟೋ ವರ್ಷ ಒಪ್ಪಲಿಲ್ಲ.

ಮೊದಲ ಸೋಲು ಬಂದದ್ದು 1966ರ ಜೂನ್‌ನಲ್ಲಿ, ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ. ಎದುರಾಳಿ ಕಿಮ್ ಕಿ-ಸೂ. ಇದೇ ಕಿಮ್ ಅವರನ್ನು ರೋಮ್ ಒಲಿಂಪಿಕ್ಸ್‌ನಲ್ಲಿ ಬೆನ್ವೆನೂಟಿ ಸೋಲಿಸಿದ್ದರು. ಕಿಮ್ ಕೂಡ ಕೊರಿಯಾದ ಉತ್ತರ ಭಾಗದಿಂದ ದಕ್ಷಿಣಕ್ಕೆ ಬಂದವರು. ಅಂದರೆ ರಿಂಗ್‌ನಲ್ಲಿ ಅವತ್ತು ಇದ್ದ ಇಬ್ಬರಿಗೂ ಹುಟ್ಟೂರು ಗಡಿಯ ಆಚೆ ಉಳಿದಿತ್ತು. ಕಿಮ್ ದಕ್ಷಿಣ ಕೊರಿಯಾದ ಮೊದಲ ವಿಶ್ವ ಚಾಂಪಿಯನ್ ಆದರು.

ಒಂದು ವರ್ಷವೂ ತುಂಬಿರಲಿಲ್ಲ, ಬೆನ್ವೆನೂಟಿ ಮೇಲಿನ ತೂಕಕ್ಕೆ ಏರಿ ನ್ಯೂಯಾರ್ಕ್‌ಗೆ ಹೋದರು. 1967ರ ಏಪ್ರಿಲ್ 17, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಮಿಡಲ್‌ವೇಟ್ ಚಾಂಪಿಯನ್ ಎಮಿಲ್ ಗ್ರಿಫಿತ್ ಎದುರಿಗೆ.

ಇಟಲಿಯ ಹಿರಿಯರು ಈ ರಾತ್ರಿಯನ್ನು ಮರೆತಿಲ್ಲ. ಅಲ್ಲಿ ಆಗ ಬೆಳಗಿನ ಜಾವ. ಜನ ನಿದ್ದೆಗೆಟ್ಟರೆ ಮರುದಿನ ಕೆಲಸ ಕೆಡುತ್ತದೆ ಅಂತ ಸರಕಾರಿ ವಾಹಿನಿ ಟಿವಿಯಲ್ಲಿ ನೇರ ಪ್ರಸಾರ ಮಾಡಲಿಲ್ಲ. ರೇಡಿಯೊ ಇತ್ತಲ್ಲ! ಪಾವೊಲೊ ವಾಲೆಂಟಿ ಅವರ ವೀಕ್ಷಕ ವಿವರಣೆ ಕೇಳಲು 1.6 ಕೋಟಿಗೂ ಹೆಚ್ಚು ಜನ ಎದ್ದು ಕೂತಿದ್ದರು ಅಂತ ಅಂದಾಜು. ನಮ್ಮಲ್ಲೂ ಕ್ರಿಕೆಟ್ ಕಾಮೆಂಟರಿಗೆ ಟ್ರಾನ್ಸಿಸ್ಟರ್‌ಗೆ ಕಿವಿ ಹಚ್ಚಿ ಕೂತಿದ್ದವರಿಗೆ ಆ ಸುಖ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಎರಡನೇ ರೌಂಡ್‌ನಲ್ಲಿ ಗ್ರಿಫಿತ್ ನೆಲಕ್ಕೆ. ನಾಲ್ಕನೇ ರೌಂಡ್‌ನಲ್ಲಿ ಬೆನ್ವೆನೂಟಿ ನೆಲಕ್ಕೆ. ಎದ್ದರು, ತಲೆ ಸರಿ ಮಾಡಿಕೊಂಡರು, ಮತ್ತೆ ಜ್ಯಾಬ್ ಶುರು ಮಾಡಿದರು. 15 ರೌಂಡ್ ಮುಗಿದಾಗ ಪಟ್ಟ ಅವರದಾಗಿತ್ತು. ‘ದಿ ರಿಂಗ್’ ಪತ್ರಿಕೆ ಅದನ್ನು ಆ ವರ್ಷದ ಅತ್ಯುತ್ತಮ ಪಂದ್ಯ ಅಂತ ಆರಿಸಿತು.

ಅದೇ ಸೆಪ್ಟೆಂಬರ್‌ನಲ್ಲಿ ಶೇ ಸ್ಟೇಡಿಯಂನಲ್ಲಿ ಗ್ರಿಫಿತ್ ಪಟ್ಟ ವಾಪಸ್ ಪಡೆದರು. 1968ರ ಮಾರ್ಚ್ 4ರಂದು ಮೂರನೇ ಪಂದ್ಯ. ಒಂಬತ್ತನೇ ರೌಂಡ್‌ನಲ್ಲಿ ಗ್ರಿಫಿತ್ ಅವರನ್ನು ಒಮ್ಮೆ ಕೆಡವಿದ ಬೆನ್ವೆನೂಟಿ ಕೊನೆಗೆ ಪಾಯಿಂಟ್ಸ್ ಮೇಲೆ ಗೆದ್ದರು. ಮೂರು ಪಂದ್ಯ, 45 ರೌಂಡ್, ಒಂದೂ ನಾಕೌಟ್ ಇಲ್ಲ. ಎರಡು ಗಂಟೆಗೂ ಮೀರಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಡೆದಾಡಿದ್ದರು.

ಪಟ್ಟ ಉಳಿಸಿಕೊಂಡ ಪಂದ್ಯಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. 1969ರ ನವೆಂಬರ್‌ನಲ್ಲಿ ರೋಮ್‌ನಲ್ಲಿ ಕ್ಯೂಬಾ ಮೂಲದ ಲೂಯಿಸ್ ರೊಡ್ರಿಗೆಸ್ ಎದುರು ಆಟ ಸರಿಯಾಗಿ ಕೂರುತ್ತಿರಲಿಲ್ಲ. 11ನೇ ರೌಂಡ್‌ನಲ್ಲಿ ಒಂದೇ ಒಂದು ಲೆಫ್ಟ್ ಹುಕ್, ಪಂದ್ಯ ಅಲ್ಲಿಗೆ ಮುಗಿಯಿತು. ಇನ್ನೊಂದು 1970ರ ಮೇ ತಿಂಗಳಲ್ಲಿ ಅಮೆರಿಕದ ಟಾಮ್ ಬೆಥಿಯಾ ಜೊತೆ. ನಡೆದದ್ದು ಉಮಾಗ್ ಎಂಬ ಊರಲ್ಲಿ. ಅದೂ ಇಸ್ಟ್ರಿಯಾದ ಕರಾವಳಿಯೇ, ಆಗ ಯುಗೊಸ್ಲಾವಿಯಾ. ಅವರ ಹುಟ್ಟೂರಿನಿಂದ ಹೆಚ್ಚು ದೂರ ಇಲ್ಲ. ಬಿಟ್ಟು ಬಂದ ನೆಲಕ್ಕೆ ವಿಶ್ವ ಚಾಂಪಿಯನ್ ಆಗಿ ಹೋಗಿ, ಎಂಟನೇ ರೌಂಡ್‌ನಲ್ಲಿ ಗೆದ್ದು ಬಂದರು. ಅವರ ಇಡೀ ವೃತ್ತಿಯಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು ಈ ಪಂದ್ಯವೇ.

ಅದೇ ವರ್ಷ ನವೆಂಬರ್ 7. ಜಾಗ ರೋಮ್‌ನ ಪಲಾಜೊ ದೆಲ್ಲೊ ಸ್ಪೋರ್ಟ್. ಹತ್ತು ವರ್ಷದ ಹಿಂದೆ ಒಲಿಂಪಿಕ್ ಚಿನ್ನ ಕೊರಳಿಗೆ ಬಿದ್ದದ್ದು ಇದೇ ಸಭಾಂಗಣದಲ್ಲಿ. ಎದುರಾಳಿ ಅರ್ಜೆಂಟೀನಾದ ಕಾರ್ಲೋಸ್ ಮೊನ್ಸೋನ್. ಯುರೋಪಿನಲ್ಲಿ ಅವರ ಹೆಸರು ಕೇಳಿದವರೇ ಕಡಿಮೆ. 12ನೇ ರೌಂಡ್‌ನಲ್ಲಿ ಮೊನ್ಸೋನ್ ಬಲಗೈ ಬೀಸಿದರು, ಬೆನ್ವೆನೂಟಿ ಏಳಲಿಲ್ಲ. 1971ರ ಮೇ ತಿಂಗಳಲ್ಲಿ ಮಾಂಟೆ ಕಾರ್ಲೊದಲ್ಲಿ ಮತ್ತೆ ಸೆಣಸಿದರು. ಮೂರನೇ ರೌಂಡ್‌ನಲ್ಲಿ ಅವರ ಕಡೆಯವರೇ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಅವರು ಪ್ರತಿಭಟಿಸಿದರು. ಆದರೆ ಆಮೇಲೆ ರಿಂಗ್‌ಗೆ ಇಳಿಯಲಿಲ್ಲ. ಆಗ 33 ವರ್ಷ. ವೃತ್ತಿಪರ ಲೆಕ್ಕ 90 ಪಂದ್ಯ: 82 ಗೆಲುವು, 7 ಸೋಲು, 1 ಡ್ರಾ. ಟವೆಲ್ ಎಸೆದವರು ಒಳ್ಳೆಯದನ್ನೇ ಮಾಡಿದರು. ಆ ಮೊನ್ಸೋನ್ 1977ರಲ್ಲಿ ನಿವೃತ್ತರಾಗುವ ತನಕ ಪಟ್ಟ ಬಿಟ್ಟುಕೊಡಲೇ ಇಲ್ಲ.

ಬೆನ್ವೆನೂಟಿ ಸಿನಿಮಾದಲ್ಲಿ ನಟಿಸಿದ್ದರು, ಟಿವಿಯಲ್ಲಿ ಬಾಕ್ಸಿಂಗ್ ವಿವರಣೆ ಕೊಟ್ಟರು. 1992ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಸೇರಿದರು. 1990ರ ದಶಕದಲ್ಲಿ ಭಾರತಕ್ಕೂ ಬಂದು, ಮದರ್ ತೆರೇಸಾ ಅವರ ಸಂಸ್ಥೆಯಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿ ಕೆಲ ಕಾಲ ಇದ್ದರು. 2025ರ ಮೇ 20ರಂದು, 87ನೇ ವಯಸ್ಸಿನಲ್ಲಿ ತೀರಿಕೊಂಡರು.

ಆದರೆ ‘ಆಮೇಲೆ ಏನಾದರು’ ಅನ್ನುವುದಕ್ಕೆ ನಾನು ಕೊಡುವ ಉತ್ತರ ಬೇರೆ. ತಮ್ಮನ್ನು ಹೊಡೆದವರ ಗೆಳೆಯರಾದರು.

ಮೊನ್ಸೋನ್ 1988ರಲ್ಲಿ ತಮ್ಮ ಮಗುವಿನ ತಾಯಿ ಅಲಿಸಿಯಾ ಮುನಿಸ್ ಅವರನ್ನು ಕೊಂದರು. ಆ ಅಪರಾಧಕ್ಕೆ ಜೈಲಿಗೆ ಹೋದರು. ಬೆನ್ವೆನೂಟಿ ಅರ್ಜೆಂಟೀನಾಕ್ಕೆ ಹೋಗಿ ಅವರನ್ನು ಜೈಲಿನಲ್ಲಿ ಕಂಡು ಬಂದರು. 1995ರಲ್ಲಿ ಮೊನ್ಸೋನ್ ಕಾರು ಅಪಘಾತದಲ್ಲಿ ಸತ್ತಾಗ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಇವರೂ ಒಬ್ಬರು. ಇದನ್ನು ಬರೆಯುವಾಗ ನನಗೆ ಕಸಿವಿಸಿ ಆಗುತ್ತದೆ. ಜೀವ ಕಳೆದುಕೊಂಡ ಹೆಣ್ಣುಮಗಳನ್ನು ಬದಿಗಿಟ್ಟು ಗೆಳೆತನವನ್ನಷ್ಟೇ ಹೊಗಳಲು ಮನಸ್ಸು ಬರುವುದಿಲ್ಲ. ಅವರು ಹಾಗೆ ನಡೆದುಕೊಂಡರು ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಗ್ರಿಫಿತ್ ವಿಷಯದಲ್ಲಿ ಅಂಥ ಕಸಿವಿಸಿ ಇಲ್ಲ. ವರ್ಷಗಟ್ಟಲೆ ತಲೆಗೆ ಬಿದ್ದ ಏಟುಗಳಿಂದ ಗ್ರಿಫಿತ್ ಅವರಿಗೆ ಮರೆವಿನ ಕಾಯಿಲೆ ಬಂತು. ಕೈಯಲ್ಲಿ ಕಾಸೂ ಇರಲಿಲ್ಲ. ಬೆನ್ವೆನೂಟಿ ಅವರ ನೆರವಿಗೆ ನಿಂತರು. ಗ್ರಿಫಿತ್ 2013ರಲ್ಲಿ ತೀರಿಕೊಂಡರು. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲು, ಮೈಯಲ್ಲಿ ಇನ್ನೂ ಕಸುವಿದ್ದಾಗ, ಬೆನ್ವೆನೂಟಿ ತಮ್ಮ ಮಗನ ದೃಢೀಕರಣ ಸಂಸ್ಕಾರಕ್ಕೆ ಗ್ರಿಫಿತ್ ಅವರನ್ನೇ ಜ್ಞಾನಪಿತನಾಗಿ (ಗಾಡ್‌ಫಾದರ್) ಕರೆಸಿಕೊಂಡಿದ್ದರು. ಕ್ಯಾಥೊಲಿಕ್ ಪದ್ಧತಿಯಲ್ಲಿ ಜ್ಞಾನಪಿತ ಹುಡುಗನ ಹಿಂದೆ ನಿಂತು ಹೆಗಲ ಮೇಲೆ ಕೈಯಿಡುತ್ತಾನೆ. ಆ ಹುಡುಗನ ಅಪ್ಪನನ್ನು 1967ರಲ್ಲಿ, ನಾಲ್ಕನೇ ರೌಂಡ್‌ನಲ್ಲಿ ನೆಲಕ್ಕೆ ಕೆಡವಿದ್ದು ಅದೇ ಗ್ರಿಫಿತ್.