ಹವಾನಾದ ತರಕಾರಿ ತೊಟ್ಟಿಗಳು

ಕ್ಯೂಬಾದ ರಾಜಧಾನಿ ಹವಾನಾದ ಜನ ರಸಗೊಬ್ಬರವನ್ನು ತಿರಸ್ಕರಿಸಿ ಪ್ರಕೃತಿಗೆ ಮರಳಿದರೆಂಬ ಕಥೆಯನ್ನು ಸಾವಯವದ ಅಭಿಮಾನಿಗಳು ಭಕ್ತಿಯಿಂದ ಹೇಳುತ್ತಾರೆ. ನಡೆದದ್ದು ಹಾಗಲ್ಲ. ಸಕ್ಕರೆ ಕೊಟ್ಟು ತೈಲ, ರಸಗೊಬ್ಬರ, ಟ್ರ್ಯಾಕ್ಟರಿನ ಬಿಡಿಭಾಗಗಳನ್ನು ತರಿಸಿಕೊಳ್ಳುತ್ತಿದ್ದ ಆ ದ್ವೀಪಕ್ಕೆ, 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಎಲ್ಲದಕ್ಕೂ ತತ್ವಾರವಾಯಿತು. ಹಳ್ಳಿಯ ಬೆಳೆಯನ್ನು ಹೊತ್ತು ತರುವ ಲಾರಿಗೇ ಡೀಸೆಲ್ ಇಲ್ಲದಾಗ, ತಿನ್ನುವವರ ಮನೆಯ ಪಕ್ಕದಲ್ಲೇ ತರಕಾರಿ ಬೆಳೆಯದೆ ಗತಿಯಿರಲಿಲ್ಲ.

ಅಲ್ಲಿಯ ಸರ್ಕಾರ ಬೀಜದ ಪೊಟ್ಟಣ ಹಂಚಿ ಕೈತೊಳೆದುಕೊಳ್ಳಲಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. 1994ರಲ್ಲಿ ಕೃಷಿ ಸಚಿವಾಲಯವು ಹವಾನಾದಲ್ಲಿ ನಗರ ಕೃಷಿಗೆಂದೇ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಖಾಲಿ ನಿವೇಶನಗಳ ಒಡೆತನವನ್ನು ತನ್ನಲ್ಲೇ ಉಳಿಸಿಕೊಂಡು, ಬೆಳೆಯುವ ಹಕ್ಕನ್ನು ಗೇಣಿಯಿಲ್ಲದೆ ಜನರಿಗೆ ಕೊಟ್ಟಿತು, ಸಲಹೆಗಾರರನ್ನು ನೇಮಿಸಿತು, ಬೀಜ, ಗೊಬ್ಬರ, ಸಲಕರಣೆಗಳ ಅಂಗಡಿಗಳನ್ನು ತೆರೆಯಿತು.

ಆದರೆ ಆ ನಿವೇಶನಗಳಲ್ಲಿ ಇದ್ದದ್ದು ಕಲ್ಲು, ಗಾರೆ, ಹಳೆಯ ಕಟ್ಟಡಗಳ ಅವಶೇಷ. ಮಣ್ಣಿಲ್ಲದೆ ಪೋಷಕ ದ್ರಾವಣದಲ್ಲಿ ಬೆಳೆಸಲೆಂದು ಮೊದಲೇ ಕಟ್ಟಿದ್ದ ಕಾಂಕ್ರೀಟು ತೊಟ್ಟಿಗಳು ದ್ರಾವಣದ ರಾಸಾಯನಿಕಗಳು ಸಿಗದೆ ಪಾಳುಬಿದ್ದಿದ್ದವು. ಅವುಗಳಿಗೆ ಮಣ್ಣು ಮತ್ತು ಕಾಂಪೋಸ್ಟನ್ನು ತುಂಬಿದ್ದರಿಂದ ಹುಟ್ಟಿದ ಪದ್ಧತಿಗೆ ‘ಆರ್ಗನೊಪೋನಿಕೊ’ ಎಂಬ ಹೆಸರು ಬಂತು.

ಸಗಣಿ, ಸೊಪ್ಪು ಏನು ತುಂಬಿದರೂ ಗಿಡ ಬರುತ್ತದೆಂಬ ನಂಬಿಕೆ ನಮ್ಮಲ್ಲಿಯೂ ಗಟ್ಟಿಯಾಗಿದೆ. ನಾನೂ ಒಮ್ಮೆ ತಾರಸಿಯ ಕುಂಡಕ್ಕೆ ಅರ್ಧದಷ್ಟು ಒಣ ತರಗೆಲೆ ತುರುಕಿ ಹರಿವೆ ಬಿತ್ತಿದ್ದೆ; ಬೆರಳುದ್ದ ಬೆಳೆಯುವಷ್ಟರಲ್ಲಿ ಕೆಳಗಿನ ಎಲೆಗಳು ಹಳದಿಯಾಗಿ ಸಸಿಗಳು ಮುರುಟಿಕೊಂಡವು. ತರಗೆಲೆಯಲ್ಲಿ ಇಂಗಾಲ ಹೇರಳವಾಗಿದ್ದು ಸಾರಜನಕ ಅತ್ಯಲ್ಪವಾಗಿರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ತಮ್ಮ ಮೈ ಕಟ್ಟಿಕೊಳ್ಳಲು ಸಾರಜನಕ ಬೇಕು. ಇಂಗಾಲವು ಸಾರಜನಕದ ಸುಮಾರು 25–30 ಪಟ್ಟನ್ನು ಮೀರಿದರೆ, ಕೊರತೆಬಿದ್ದ ಸಾರಜನಕವನ್ನು ಅವು ಸುತ್ತಲಿನ ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಮದುವೆಮನೆಯಲ್ಲಿ ಹಸಿದ ಅಡುಗೆಯವರೇ ಮೊದಲ ಪಂಕ್ತಿಗೆ ಕುಳಿತರೆ ನೆಂಟರು ಕಾಯಬೇಕಾಗುತ್ತದಲ್ಲ, ಹಾಗೆ. ಬ್ಯಾಂಕಿನ ಲೆಕ್ಕದಲ್ಲಿ ಹೇಳುವುದಾದರೆ, ಕೈಯಲ್ಲಿದ್ದ ನಗದೆಲ್ಲ ಠೇವಣಿಯಾಗಿಬಿಡುತ್ತದೆ. ಜೀವಿಗಳು ಸತ್ತು ಕಳಿತ ಮೇಲಷ್ಟೇ ಅದು ಬೇರಿಗೆ ದಕ್ಕುತ್ತದೆ. ಆದ್ದರಿಂದ ಕಳಿಯುವ ಕೆಲಸವು ತೊಟ್ಟಿಗೆ ಬೀಳುವ ಮೊದಲೇ, ಗೊಬ್ಬರದ ರಾಶಿಯಲ್ಲೋ ಎರೆಹುಳುಗಳ ಹೊಟ್ಟೆಯಲ್ಲೋ ಮುಗಿದಿರಬೇಕು. ಹವಾನಾದವರೂ ಎರೆಗೊಬ್ಬರಕ್ಕೆ ಮಹತ್ವ ಕೊಟ್ಟರು. ಕೀಟಗಳಿಗೆ ಅವರು ಬಳಸುವವುಗಳಲ್ಲಿ ನಮ್ಮ ಬೇವೂ ಒಂದು.

1997ರಲ್ಲಿ ನಗರದ ಪೂರ್ವ ಭಾಗದ ಅಲಮಾರ್ ಬಡಾವಣೆಯಲ್ಲಿ ಶುರುವಾದ ಸಹಕಾರಿ ತೋಟವು ಕ್ರಮೇಣ ಸುಮಾರು 10 ಹೆಕ್ಟೇರಿಗೆ ಬೆಳೆದು, ಲೆಟ್ಯೂಸು, ಟೊಮ್ಯಾಟೊಗಳನ್ನು ಸುತ್ತಲಿನ ಬಹುಮಹಡಿ ಮನೆಗಳವರಿಗೆ ಅಲ್ಲೇ ಮಾರುತ್ತದೆ. ಹಾಗೆಂದು ಕ್ಯೂಬಾ ಆಹಾರದಲ್ಲಿ ಸ್ವಾವಲಂಬಿಯಾಯಿತು ಎಂದು ಬರೆಯುವವರು ಲೆಕ್ಕ ತಪ್ಪುತ್ತಾರೆ. ತೊಟ್ಟಿಯಲ್ಲಿ ಸೊಪ್ಪು ಬೆಳೆಯಬಹುದು, ಊಟದ ಅಕ್ಕಿಯನ್ನಲ್ಲ. ಆ ಅಕ್ಕಿ ಇಂದಿಗೂ ಬಹುಮಟ್ಟಿಗೆ ಹಡಗಿನಲ್ಲೇ ಬರುತ್ತದೆ.